ಕ್ಯಾಶ್ ಕೌಂಟರಿನಲ್ಲಿ ಒಂದು ವರ್ಷ

ಬ್ಯಾಂಕಿನ ಕೆಲಸಕ್ಕೆ ಸೇರಿ 2024ರ ಆಗಸ್ಟ್ ಮೊದಲ ವಾರಕ್ಕೆ ಒಂದು ವರ್ಷವಾಯಿತು. ಅದಕ್ಕೂ ಮೊದಲು 17 ವರ್ಷ, ಸೇನೆಗೆ ಸೇತುವೆ, ರಸ್ತೆ ಕಟ್ಟಿಕೊಡುವ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿದ್ದೆ. 2005ರಲ್ಲಿ ಬೆಂಗಳೂರಿನಲ್ಲಿ ತರಬೇತಿ, 2022ರಲ್ಲಿ ಹವಾಲ್ದಾರನಾಗಿ ನಿವೃತ್ತಿ. ನಡುವಿನ ಕಥೆ ಇಲ್ಲಿ ಬೇಡ. ಹೊರಬಂದ ಮೇಲೆ ತಲೆಯ ಮೇಲೇರಿದ ಋಣದ ಮಾತಷ್ಟೇ ಆಡುತ್ತೇನೆ.

ಮೊದಲನೆಯದು ಹೆಂಡತಿಯದು. ನಾನಿಲ್ಲದ ವರ್ಷಗಳಲ್ಲಿ ಪಹಣಿ, ರೇಷನ್ ಕಾರ್ಡು, ಬೆಳೆಸಾಲ ಎಲ್ಲಕ್ಕೂ ಓಡಾಡಿದವಳು ಅವಳೇ. ಊರಿಗೆ ಬಂದ ಹೊಸದರಲ್ಲಿ ಒಂದು ಕಚೇರಿಯಲ್ಲಿ ‘ನಾಳೆ ಬನ್ನಿ’ ಎಂದರು. ಮರುದಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆ. ಹೀಗೆ ಮೂರು ದಿನ. ನಾಲ್ಕನೆಯ ದಿನ ಅವಳೆಂದಳು: “ರೀ, ಅವರ ನಾಳೆ ಎಂದರೆ ಮುಂದಿನ ವಾರ. ಆ ಭಾಷೆ ನಿಮಗೆ ಬರುವುದಿಲ್ಲ, ಫೈಲು ಇತ್ತ ಕೊಡಿ.” ಹತ್ತು ದಿನದಲ್ಲಿ ಕೆಲಸ ಮುಗಿಸಿ ಬಂದಳು.

ಗನ್‌ಮ್ಯಾನ್ ಕೆಲಸವನ್ನೂ ಮಾಡಿ ನೋಡಿದೆ. ಅದರ ಎರಡು ತಿಂಗಳ ಸಂಬಳ ಇನ್ನೂ ಬರಬೇಕಿದೆ. ಆಗ ದಾರಿ ತೋರಿಸಿದವರು ಸೈನಿಕ ಕಲ್ಯಾಣ ಕಚೇರಿಯ ಗುಮಾಸ್ತರು. ಹತ್ತನೆಯ ತರಗತಿ ಮುಗಿಸಿ 15 ವರ್ಷ ಸೇವೆ ಸಲ್ಲಿಸಿದವರನ್ನು ಗ್ರೂಪ್ ‘ಸಿ’ ಹುದ್ದೆಗಳಿಗೆ ಪದವೀಧರರೆಂದೇ ಪರಿಗಣಿಸುತ್ತಾರೆ, ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಶೇ 14.5 ಮೀಸಲಿದೆ, ಅದರಲ್ಲಿ 4.5 ಅಂಗವಿಕಲ ಯೋಧರಿಗೆ ಮತ್ತು ಹುತಾತ್ಮರ ಅವಲಂಬಿತರಿಗೆ ಎಂದು ಒಂದು ಹಳೆಯ ಲಕೋಟೆಯ ಹಿಂದೆ ಬರೆದುಕೊಟ್ಟರು. ಆ ಲಕೋಟೆ ನನ್ನ ಬಳಿ ಈಗಲೂ ಇದೆ.

ಬ್ಯಾಂಕ್ ಪರೀಕ್ಷೆಗೆ ಓದಿಸಿದವರು ನಮ್ಮ ತಾಲ್ಲೂಕು ಗ್ರಂಥಾಲಯದ ಹುಡುಗರು. ನನ್ನ ಅರ್ಧ ವಯಸ್ಸಿನವರು, ‘ಅಂಕಲ್’ ಎನ್ನುತ್ತಲೇ ಗದರಿಸುತ್ತಿದ್ದರು. ಪೂರ್ವಭಾವಿ ಪರೀಕ್ಷೆಯಲ್ಲಿ ಒಂದು ಗಂಟೆಗೆ ನೂರು ಪ್ರಶ್ನೆ. ಎಂಟು ಜನ ದುಂಡುಮೇಜಿನ ಸುತ್ತ ಕುಳಿತಿದ್ದಾರೆ, ಯಾರ ಎಡಕ್ಕೆ ಯಾರು ಎಂಬಂಥವು. ಸೇನೆಯ ಊಟದ ಮನೆಯಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತವನಿಗೆ ದುಂಡುಮೇಜು ಎಲ್ಲಿಂದ ಗೊತ್ತು? ಕೊನೆಗೆ ಒಬ್ಬ ಹುಡುಗ ನೆಲದ ಮೇಲೆ ಎಂಟು ಚಹಾ ಲೋಟಗಳನ್ನು ಇಟ್ಟು ಕಲಿಸಿದ. ಅವನಿಗೆ ಆ ಸಲ ಕೆಲಸ ಸಿಗಲಿಲ್ಲ, ನನಗೆ ಸಿಕ್ಕಿತು. ಇದು ಈಗಲೂ ಚುಚ್ಚುತ್ತದೆ.

ಇನ್ನು ಹೆಡ್ ಕ್ಯಾಷಿಯರ್ ಮೇಡಂ. ಸೇನೆಯಲ್ಲಿ ಉಕ್ಕಿನ ಚೌಕಟ್ಟುಗಳನ್ನು ಜೋಡಿಸಿ ಕಟ್ಟುವ ಬೈಲಿ ಸೇತುವೆಯ ಒಂದು ಪ್ಯಾನೆಲ್ ಹತ್ತು ಅಡಿ ಉದ್ದ, ಸುಮಾರು 260 ಕಿಲೋ ಭಾರ. ಆರು ಜನ ಸೇರಿ ಎತ್ತುತ್ತಿದ್ದೆವು. ಆ ಕೈಗೆ ನೂರರ ಹೊಸ ನೋಟು ಬಗ್ಗಲಿಲ್ಲ. ಎರಡೆರಡು ಅಂಟಿಕೊಂಡೇ ಹೋಗುತ್ತಿದ್ದವು. ಹನ್ನೊಂದನೆಯ ದಿನ ಸಂಜೆ ಲೆಕ್ಕದಲ್ಲಿ 4,500 ರೂಪಾಯಿ ಕಡಿಮೆ. ರಾತ್ರಿ ಎಂಟರವರೆಗೆ ಅವರೂ ಕುಳಿತು ಚೀಟಿಗಳನ್ನು ಒಂದೊಂದಾಗಿ ನೋಡಿದರು. ಸಿಗಲಿಲ್ಲ. ದುಡ್ಡು ನಾನೇ ಕಟ್ಟಿದೆ. ಅವರು ಬೈಯಲಿಲ್ಲ. ಮರುದಿನ ಬೆಳಿಗ್ಗೆ ಒದ್ದೆ ಸ್ಪಂಜಿನ ಬಟ್ಟಲನ್ನು ನನ್ನ ಬಲಗೈ ಪಕ್ಕಕ್ಕೆ ಸರಿಸಿ, “ಯಾವ ನೋಟು ಎಷ್ಟು ಎಂದು ಚೀಟಿಯ ಹಿಂದೆ ಬರೆಯದೆ ದುಡ್ಡು ಮುಟ್ಟಬೇಡಿ” ಎಂದರು. ಅಂದಿನಿಂದ ಇಂದಿನವರೆಗೆ ಕ್ಯಾಶ್ ತಪ್ಪಿಲ್ಲ.

2024ರ ಆಗಸ್ಟ್ 1ರಂದು, ಭೂಕುಸಿತವಾಗಿದ್ದ ಕೇರಳದ ವಯನಾಡಿನ ಚೂರಲ್‌ಮಲೆಯಲ್ಲಿ ನಮ್ಮ ಗ್ರೂಪಿನವರು 190 ಅಡಿಯ ಬೈಲಿ ಸೇತುವೆ ಕಟ್ಟಿ ಮುಗಿಸಿದರು. ಮೊಬೈಲ್‌ನಲ್ಲಿ ನೋಡುತ್ತಾ ನಿಂತವನ ಭುಜ ತಾನಾಗಿಯೇ ಬಿಗಿಯಿತು. ಮೇಡಂ ಏನೂ ಕೇಳದೆ ನನ್ನ ಕೌಂಟರಿನಲ್ಲಿ ಹತ್ತು ನಿಮಿಷ ಕುಳಿತರು. ಅದಕ್ಕೂ ಸೇರಿಸಿ ಈ ನಮಸ್ಕಾರ.

ಮುಂದೆ ಸೇನೆಯಿಂದ ಹೊರಬರಲಿರುವ ನಮ್ಮ ತಾಲ್ಲೂಕಿನ ಜವಾನರಿಗಾಗಿ ನನ್ನ ಟಿಪ್ಪಣಿ ಪುಸ್ತಕಗಳನ್ನು ಗ್ರಂಥಾಲಯದಲ್ಲೇ ಬಿಟ್ಟಿದ್ದೇನೆ. ಗಣಿತದ್ದು ಧೈರ್ಯವಾಗಿ ಓದಬಹುದು. ಇಂಗ್ಲಿಷಿನ ಮೊದಲ ಇಪ್ಪತ್ತು ಪುಟ ನಂಬಬೇಡಿ, ಅವನ್ನು ಬರೆದಾಗ ಹುಡುಗರು ಇನ್ನೂ ನನ್ನನ್ನು ತಿದ್ದಲು ಹೆದರುತ್ತಿದ್ದರು.