ಹೊಸ ಗೇಮ್‌ಪ್ಯಾಡ್ ಡ್ರೈವರ್: ಕೋಡ್‌ಗೆ ಮೊದಲು ಇಷ್ಟು ಮಾಡಿ

ಎಲ್ಲರಿಗೂ ನಮಸ್ಕಾರ. ಲಿನಕ್ಸ್‌ಗೆ ಡ್ರೈವರ್ ಬರೆಯಲು ಹೊಸ ಗೇಮ್‌ಪ್ಯಾಡ್ ಕೈಗೆ ಬಂದವರು ದಯವಿಟ್ಟು ನೇರವಾಗಿ ಕೋಡ್ ಬರೆಯಲು ಕೂರಬೇಡಿ. ಮೊದಲು ಎಚ್‌ಐಡಿ-ರೆಕಾರ್ಡರ್ (ಗೇಮ್‌ಪ್ಯಾಡ್ ಕಳಿಸುವ ಡೇಟಾವನ್ನು ದಾಖಲಿಸುವ ಪ್ರೋಗ್ರಾಂ) ಓಡಿಸಿ, ಒಂದೊಂದೇ ಬಟನ್ ಒತ್ತಿ, ಬಂದ ಫೈಲನ್ನು ಇಲ್ಲಿ ಹಾಕಿ. ವೆಂಡರ್ ಐಡಿ, ಪ್ರಾಡಕ್ಟ್ ಐಡಿ (ತಯಾರಕರನ್ನೂ ಮಾದರಿಯನ್ನೂ ಗುರುತಿಸುವ ಸಂಖ್ಯೆಗಳು), ಕರ್ನಲ್ (ಲಿನಕ್ಸ್‌ನ ತಿರುಳು) ಆವೃತ್ತಿ ಜೊತೆಗಿರಲಿ. ಸ್ಕ್ರೀನ್‌ಶಾಟ್ ಬೇಡ, ಅದನ್ನು ಮತ್ತೆ ಓಡಿಸಿ ನೋಡಲು ಆಗುವುದಿಲ್ಲ.

ಕೇಬಲ್, ಬ್ಲೂಟೂತ್ ಎರಡರಲ್ಲೂ ರೆಕಾರ್ಡ್ ಮಾಡಿ. ಎರಡೂ ಒಂದೇ ಅಂದುಕೊಳ್ಳಬೇಡಿ. ಸೋನಿಯ ಡ್ಯುಯಲ್‌ಸೆನ್ಸ್ ಗೇಮ್‌ಪ್ಯಾಡ್ ನೋಡಿ: ಯುಎಸ್‌ಬಿಯಲ್ಲಿ ಇನ್‌ಪುಟ್ ರಿಪೋರ್ಟ್ (ಬಟನ್, ಸ್ಟಿಕ್‌ಗಳ ಸ್ಥಿತಿ ಹೇಳುವ ಡೇಟಾ) 64 ಬೈಟ್. ಬ್ಲೂಟೂತ್‌ನಲ್ಲಿ ಪೂರ್ತಿ ರಿಪೋರ್ಟ್ 78 ಬೈಟ್, ಅದರಲ್ಲಿ ಕೊನೆಯ 4 ಬೈಟ್ ಸಿಆರ್‌ಸಿ (ಡೇಟಾ ಕೆಟ್ಟಿದೆಯೇ ಎಂದು ಪರೀಕ್ಷಿಸುವ ಸಂಖ್ಯೆ). ರಿಪೋರ್ಟ್‌ನ ಐಡಿಯೂ ಬೇರೆ.

ಬರೀ ರಿಪೋರ್ಟ್ ಡಿಸ್ಕ್ರಿಪ್ಟರ್ (ರಿಪೋರ್ಟ್‌ನಲ್ಲಿ ಯಾವುದು ಎಲ್ಲಿದೆ ಎಂದು ಸಾಧನವೇ ಕೊಡುವ ವಿವರಣೆ) ತಪ್ಪಿದ್ದರೆ ಸುಮ್ನೆ ಹೊಸ ಡ್ರೈವರ್ ಯಾಕೆ? ಕರ್ನಲ್ 6.3ರಲ್ಲಿ ಬಂದ ಎಚ್‌ಐಡಿ-ಬಿಪಿಎಫ್‌ನಲ್ಲೇ (ಕರ್ನಲ್‌ಗೆ ಸೇರಿಸುವ ಪುಟ್ಟ ಪ್ರೋಗ್ರಾಂನಿಂದ ಇಂಥ ಸಾಧನಗಳನ್ನು ತಿದ್ದುವ ವ್ಯವಸ್ಥೆ) ಸರಿಮಾಡಬಹುದು. ನನಗಂತೂ ಅದೇ ಮೊದಲ ಆಯ್ಕೆ.

ಒಂದು ಪ್ಯಾಚ್‌ನಲ್ಲಿ (ಕಳಿಸುವ ಕೋಡ್ ತಿದ್ದುಪಡಿ) ಒಂದೇ ಬದಲಾವಣೆ. ರಂಬಲ್ (ಕಂಪನ), ಎಲ್‌ಇಡಿ, ಬ್ಯಾಟರಿ ಎಲ್ಲ ಕಲಸಿ ಚಿತ್ರಾನ್ನ ಮಾಡಬೇಡಿ. ಕಳಿಸುವ ಮುಂಚೆ ಚೆಕ್‌ಪ್ಯಾಚ್ (ಪ್ಯಾಚ್‌ನ ಶೈಲಿ ಪರೀಕ್ಷಿಸುವ ಸ್ಕ್ರಿಪ್ಟ್) ಓಡಿಸಿ, ಸೈನ್ಡ್-ಆಫ್-ಬೈ (ಕೋಡ್ ಕಳಿಸುವ ಹಕ್ಕು ತಮಗಿದೆ ಎಂದು ಹೆಸರು ಹಾಕುವ) ಸಾಲು ಮರೆಯಬೇಡಿ. ಮರ್ಜ್ ವಿಂಡೋದ (ಮುಂದಿನ ಕರ್ನಲ್‌ಗೆ ಹೊಸ ಕೋಡ್ ಸೇರಿಸುವ ಅವಧಿ) ಎರಡು ವಾರ ಕೋಡ್ ನೋಡಿಕೊಳ್ಳುವ ಮೇಂಟೇನರ್‌ಗಳಿಗೆ ಕೆಲಸ ಜಾಸ್ತಿ, ಆಗ ಹೊಸದನ್ನು ಕಳಿಸದಿರುವುದೇ ಒಳ್ಳೆಯದು.

ರಂಬಲ್ ಭಾಗ ನಾನು ತೆಗೆದುಕೊಂಡಿದ್ದೇನೆ. ಗೈರೋ (ತಿರುಗುವಿಕೆ ಅಳೆಯುವ ಸೆನ್ಸರ್) ಯಾರು ನೋಡುತ್ತೀರಿ? ಹೆಸರು ಹಾಕಿಯೇ ಶುರು ಮಾಡಿ. ಇಬ್ಬರು ಕೂತು ಒಂದೇ ಕೋಡ್ ಬರೆಯುವುದು ಬೇಡ, ಅಲ್ವಾ?