ಪೇಟೆಯ ಹಳೇ ಮನೆಗಳ ಪಟ್ಟಿ ಮಾಡಿಸಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ಬೆಂಗಳೂರಿನ ಕಬ್ಬನ್‌ಪೇಟೆಯವನು. ತಾತನ ಕಾಲದಿಂದ ನಮ್ಮದು ಇದೇ ಗಲ್ಲಿ, ಮಗ್ಗದ ಸದ್ದಿನಲ್ಲೇ ಬೆಳೆದವರು. ಅರ್ಜಿ ಕೊಟ್ಟು, ಆಫೀಸುಗಳಿಗೆ ಅಲೆದು ಸಾಕಾಗಿದೆ. ಅದಕ್ಕೇ ಎಲ್ಲರೂ ಓದಲಿ ಅಂತ ಬರೆಯುತ್ತಿದ್ದೇನೆ.

ನಾನು ಕೇಳುವುದು ಒಂದೇ. ಪೇಟೆಯಲ್ಲಿ, ಅಂದರೆ ಬೆಂಗಳೂರಿನ ಈ ಹಳೇ ಊರಿನಲ್ಲಿ, ಉಳಿದಿರುವ ಹಳೇ ಮನೆ, ಛತ್ರ, ಗುಡಿ, ಅಂಗಡಿಗಳ ಪಟ್ಟಿ ಮಾಡಿಸಿ. ಪಟ್ಟಿ ಮುಗಿಯುವವರೆಗೆ ಒಂದನ್ನೂ ಕೆಡವಲು ಬಿಡಬೇಡಿ.

ಹೋದ ವರ್ಷ ನಮ್ಮ ಪಕ್ಕದ ತೊಟ್ಟಿಮನೆ ಹೋಯಿತು. ಭಾನುವಾರ ರಾತ್ರಿ, ಗಲ್ಲಿಯೆಲ್ಲ ಮಲಗಿದ ಮೇಲೆ ಜೆಸಿಬಿ ತಂದರು. ಗಾರೆ ಗೋಡೆ ಅಷ್ಟು ಸುಲಭಕ್ಕೆ ಬೀಳಲಿಲ್ಲ, ಬೆಳಗಿನ ಜಾವದವರೆಗೂ ಗುದ್ದಿದರು. ಜಗಲಿಯ ತೇಗದ ಕಂಬಗಳ ಮೇಲೆ ಗಿಳಿ, ಬಾಳೆಗೊನೆ ಕೆತ್ತಿದ್ದರು. ಅವನ್ನು ನಮ್ಮ ಕಣ್ಣೆದುರೇ ಗರಗಸದಲ್ಲಿ ಕೊಯ್ದು ಟೆಂಪೋಗೆ ತುಂಬಿದರು. ಆಮೇಲೆ ಬೇಸ್‌ಮೆಂಟ್ ಅಂತ ಆಳಕ್ಕೆ ಅಗೆದರು. ನಮ್ಮ ಅಡುಗೆಮನೆ ಗೋಡೆ ಸೂರಿನಿಂದ ನೆಲದವರೆಗೆ ಬಿರುಕು ಬಿಟ್ಟಿತು. ಬಿರುಕಿನಲ್ಲಿ ಕೈ ತೂರಿಸಬಹುದು. ಮಳೆ ಬಂದರೆ ಅಮ್ಮ ಒಲೆ ಹಚ್ಚಲು ಹೆದರುತ್ತಾರೆ. ಮಂಜೂರಾದ ನಕ್ಷೆ ಎಲ್ಲಿ, ಕಟ್ಟಡದ ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಜಾಗ ಎಲ್ಲಿ ಅಂತ ಕೇಳಿದೆ. ಯಾರೂ ತೋರಿಸಲಿಲ್ಲ. ನಿಯಮ ನಿಮಗೆ ಗೊತ್ತಿಲ್ಲದ್ದಲ್ಲ, ನಾನೇನು ಹೇಳಲಿ? ದೂರು ಕೊಟ್ಟಾಗ ಒಬ್ಬ ಅಧಿಕಾರಿ ಕೇಳಿದ್ದು ಇಷ್ಟೇ: "ಅದೇನು ಅರಮನೆನಾ?"

ಆ ಮಾತು ಇನ್ನೂ ಚುಚ್ಚುತ್ತಿದೆ. ಕೋಟೆ ಹತ್ತಿರದ ಟಿಪ್ಪು ಅರಮನೆಗೆ ರಕ್ಷಣೆ ಇದೆ, ಇರಲೇಬೇಕು. ಆದರೆ 1537ರಲ್ಲಿ ಕೆಂಪೇಗೌಡರು ಹುಟ್ಟುಹಾಕಿದ ಈ ಊರನ್ನು ಬೆಳೆಸಿದವರು ಕಸುಬಿನವರು. ಕುಂಬಾರಪೇಟೆ, ಗಾಣಿಗರಪೇಟೆ, ಉಪ್ಪಾರಪೇಟೆ, ಅಕ್ಕಿಪೇಟೆ, ತರಗುಪೇಟೆ, ಹೆಸರು ಕೇಳಿದರೆ ಸಾಕಲ್ವಾ? ಇವತ್ತು ನೀವು ಅವೆನ್ಯೂ ರಸ್ತೆ ಅನ್ನುವುದು ಆಗಿನ ದೊಡ್ಡಪೇಟೆ. 1791ರಲ್ಲಿ ಟಿಪ್ಪು ಮೇಲೆ ಯುದ್ಧಕ್ಕೆ ಬಂದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಕೋಟೆಗಿಂತ ಮೊದಲು ನುಗ್ಗಿದ್ದು ಪೇಟೆಗೆ. 1898ರಲ್ಲಿ ಪ್ಲೇಗ್ ಬಂದಾಗ ಇಲ್ಲಿನ ಇಕ್ಕಟ್ಟಿಗೆ ಹೆದರಿ ಎಷ್ಟೋ ಜನ ಊರು ಬಿಟ್ಟರು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಆಮೇಲೆ. 1905ರಲ್ಲಿ ಈ ಊರಿನ ಮೊದಲ ವಿದ್ಯುತ್ ಬೀದಿದೀಪ ಹತ್ತಿದ್ದೂ ಈಗಿನ ಕೆ.ಆರ್. ಮಾರ್ಕೆಟ್ ಹತ್ತಿರವೇ. ಯುದ್ಧ, ಪ್ಲೇಗು ಎಲ್ಲ ಕಂಡ ಪೇಟೆ ಇದು. ಈಗ ಒಂದೊಂದೇ ಮನೆಯಾಗಿ ರಾತ್ರೋರಾತ್ರಿ ಹೋಗುತ್ತಿದೆ.

ಚೈತ್ರ ಹುಣ್ಣಿಮೆಯ ಕರಗಕ್ಕೆ ನಾಯಕರೆಲ್ಲ ಬರುತ್ತೀರಿ. ತಿಗಳರು ತಲೆಮಾರುಗಳಿಂದ ನಡೆಸಿಕೊಂಡು ಬಂದ ಹಬ್ಬ. ಧರ್ಮರಾಯಸ್ವಾಮಿ ಗುಡಿಯಿಂದ ಮಲ್ಲಿಗೆ ಹೊತ್ತ ಕರಗ ಹೊರಟರೆ ಮುಂದೆ ಕತ್ತಿ ಹಿಡಿದ ವೀರಕುಮಾರರು, ದಾರಿಯುದ್ದ ಗೋವಿಂದಾ ಗೋವಿಂದಾ. ಮಸ್ತಾನ್ ಸಾಬ್ ದರ್ಗಾಕ್ಕೂ ಹೋಗಿ ಬರುತ್ತದೆ. ವೇದಿಕೆಯಲ್ಲಿ ನಮ್ಮ ಸಂಸ್ಕೃತಿ, ನಮ್ಮ ಹೆಮ್ಮೆ ಅನ್ನುತ್ತೀರಿ. ಕರಗ ಸಾಗುವ ಬೀದಿಗಳಲ್ಲಿ ಹೊಸಿಲು ತೊಳೆದು, ರಂಗೋಲಿ ಹಾಕಿ ಕಾಯುವ ಮನೆಗಳು ವರ್ಷವರ್ಷ ಕಮ್ಮಿ ಆಗುತ್ತಿವೆ. ಆ ಜಾಗದಲ್ಲಿ ಗೋಡೌನ್ ಶಟರ್‌ಗಳು ಬಂದಿವೆ. ಇದು ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅಂದರೆ ನಾನು ನಂಬುವುದಿಲ್ಲ.

ಮನೆ ಮಾರುವವರ ಮೇಲೆ ನನಗೆ ಸಿಟ್ಟಿಲ್ಲ. ಹಳೇ ಸೂರು ರಿಪೇರಿ ಮಾಡಿಸಲು ಎಷ್ಟು ಖರ್ಚಾಗುತ್ತದೆ ಅಂತ ನನಗೂ ಗೊತ್ತು. ಉಳಿಸಿಕೊಳ್ಳುವವರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡಿ, ರಿಪೇರಿಗೆ ನೆರವು ಕೊಡಿ. ಅದಕ್ಕೂ ಮೊದಲು ಪಟ್ಟಿ ಬೇಕು. ಪಟ್ಟಿಯೇ ಇಲ್ಲದಿದ್ದರೆ ಯಾವುದಕ್ಕೆ ಅಂತ ನೆರವು ಕೊಡುತ್ತೀರಿ?

ನಮ್ಮ ಗಲ್ಲಿಯ ಕೊನೆಯಲ್ಲಿ ಇನ್ನೊಂದು ಮನೆಗೆ ಈಗಾಗಲೇ ಅಡ್ವಾನ್ಸ್ ಕೊಟ್ಟಿದ್ದಾರೆ ಅಂತ ಸುದ್ದಿ. ಜೆಸಿಬಿ ಬರುವ ಮೊದಲು ನೀವು ಬನ್ನಿ. ಅಧಿಕಾರಿಗಳನ್ನೂ ಕರೆದುಕೊಂಡು ಬನ್ನಿ. ಪಟ್ಟಿಯನ್ನು ಆ ಮನೆಯಿಂದಲೇ ಶುರು ಮಾಡಿಸಿ.

ಇತಿ,
ಕಬ್ಬನ್‌ಪೇಟೆಯ ಒಬ್ಬ ನಿವಾಸಿ