ಅಳತೆ ಬಳಕೆದಾರರ ಪರದೆಯವರೆಗೂ ತಲುಪಲಿ

ಮಾನ್ಯ ಸಂಪಾದಕರೇ,

ಕಚೇರಿ ಕೆಲಸದ ತಂತ್ರಾಂಶಗಳು ಬಹುಮಟ್ಟಿಗೆ ಬ್ರೌಸರ್‌ಗೆ ಬಂದುಬಿಟ್ಟಿವೆ. ಆದರೆ ಎಷ್ಟೋ ನೌಕರರ ಪಾಲಿಗೆ ಆ ಬ್ರೌಸರ್ ಅವರ ಮೇಜಿನ ಕಂಪ್ಯೂಟರಿನಲ್ಲಿಲ್ಲ. ಅದು ದೂರದ ಸರ್ವರ್ ಒಂದರಲ್ಲಿ, ರಿಮೋಟ್ ಡೆಸ್ಕ್‌ಟಾಪ್ ಸೆಷನ್ನಿನ ಒಳಗೆ ತೆರೆದುಕೊಳ್ಳುತ್ತದೆ. ಕಣ್ಣೆದುರು ಇರುವುದು ಅದರ ಚಿತ್ರವಷ್ಟೇ. ಮಾಹಿತಿಯ ಸುರಕ್ಷತೆಗೆ ಈ ಏರ್ಪಾಡು ಅನುಕೂಲವೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಇಂಥ ಸೆಷನ್‌ಗಳಲ್ಲಿ ವೆಬ್ ಅಪ್ಲಿಕೇಶನ್‌ನ ವೇಗವನ್ನು ಅಳೆಯುವ ಕ್ರಮದ ಬಗ್ಗೆ ಮಾತ್ರ ನನ್ನ ಆಕ್ಷೇಪವಿದೆ. ಅಳತೆ ಸರ್ವರ್‌ನಲ್ಲೇ ಮುಗಿದುಹೋಗುತ್ತದೆ, ಕಾಯುವವರು ಕುಳಿತಿರುವುದು ಇನ್ನೊಂದು ತುದಿಯಲ್ಲಿ.

ಪುಟಗಳ ವೇಗವನ್ನು ಇಂದು ಹೆಚ್ಚಾಗಿ ಗೂಗಲ್ 2020ರಲ್ಲಿ ಪ್ರಕಟಿಸಿದ ಕೋರ್ ವೆಬ್ ವೈಟಲ್ಸ್ ಮಾನದಂಡದಿಂದ ನೋಡಲಾಗುತ್ತದೆ. ಅದರ ಪ್ರಕಾರ ಪುಟದ ಮುಖ್ಯ ಭಾಗ 2.5 ಸೆಕೆಂಡುಗಳೊಳಗೆ ಮೂಡಬೇಕು. 2024ರ ಮಾರ್ಚ್‌ನಲ್ಲಿ ಸೇರಿದ ಐಎನ್‌ಪಿ ಎಂಬ ಅಳತೆಯ ಪ್ರಕಾರ, ಕ್ಲಿಕ್ ಮಾಡಿದರೆ ಅಥವಾ ಕೀಲಿ ಒತ್ತಿದರೆ 200 ಮಿಲಿಸೆಕೆಂಡುಗಳೊಳಗೆ ಪರದೆ ಸ್ಪಂದಿಸಬೇಕು. ಈ ಅಂಕಿಗಳನ್ನು ಬ್ರೌಸರ್ ತಾನೇ ಲೆಕ್ಕ ಹಾಕಿಕೊಡುತ್ತದೆ. ಸೆಷನ್ನಿನ ಒಳಗಿನ ಬ್ರೌಸರ್ 'ಚಿತ್ರ ಮೂಡಿತು' ಎಂದು ಗಡಿಯಾರ ನಿಲ್ಲಿಸುವ ಹೊತ್ತಿಗೆ ಆ ಚಿತ್ರ ಇನ್ನೂ ಸರ್ವರ್‌ನ ಸ್ಮೃತಿಯಲ್ಲೇ ಇರುತ್ತದೆ. ಅಲ್ಲಿಂದ ಅದನ್ನು ಹಿಡಿದು, ಕುಗ್ಗಿಸಿ, ಜಾಲದ ಮೂಲಕ ಸಾಗಿಸಿ, ಈಚೆಯ ಯಂತ್ರದಲ್ಲಿ ಬಿಡಿಸಿ ತೋರಿಸುವ ಕೆಲಸವೆಲ್ಲ ಬಾಕಿ ಉಳಿದಿರುತ್ತದೆ. ಹಾಗೆಯೇ ಒತ್ತಿದ ಕೀಲಿಯ ಸುದ್ದಿ ಸರ್ವರ್ ತಲುಪಲು ಹಿಡಿದ ಸಮಯವೂ ಈ ಲೆಕ್ಕಕ್ಕೆ ಬರುವುದಿಲ್ಲ.

ಕೆಲ ಕಾಲದ ಹಿಂದೆ ನಾನಿದ್ದ ಸಂಸ್ಥೆಯಲ್ಲಿ ಮಾಹಿತಿ ನಮೂದಿಸುವ ವಿಭಾಗದವರು, ಟೈಪ್ ಮಾಡಿದ ಅಕ್ಷರ ಪರದೆಗೆ ಬರುವಷ್ಟರಲ್ಲಿ ಕೈ ಮುಂದಿನ ಪದಕ್ಕೆ ಹೋಗಿರುತ್ತದೆ ಎಂದು ಪದೇ ಪದೇ ದೂರುತ್ತಿದ್ದರು. ಪುಟದ ಅಳತೆಗಳನ್ನು ತೋರಿಸುವ ನಮ್ಮ ಡ್ಯಾಶ್‌ಬೋರ್ಡ್ ಮಾತ್ರ ಎಲ್ಲವೂ ಸರಿಯಿದೆ ಎಂದು ಪೂರ್ತಿ ಹಸಿರಾಗಿತ್ತು. ಅಪ್ಲಿಕೇಶನ್ ತಂಡ ನೆಟ್‌ವರ್ಕಿನ ಕಡೆಗೆ ಬೆರಳು ತೋರಿಸಿತು, ನೆಟ್‌ವರ್ಕ್ ತಂಡ ಪಿಂಗ್ ಸಮಯವನ್ನು (ಜಾಲದಲ್ಲಿ ಒಂದು ಪುಟ್ಟ ಸಂದೇಶ ಹೋಗಿಬರಲು ಹಿಡಿಯುವ ಸಮಯ) ಮುಂದಿಟ್ಟು ಕೈ ತೊಳೆದುಕೊಂಡಿತು, ದೂರು ಕೊಟ್ಟವರಿಗೆ 'ಒಮ್ಮೆ ಲಾಗ್‌ಔಟ್ ಆಗಿ ಮತ್ತೆ ಬನ್ನಿ' ಎಂಬ ಎಂದಿನ ಸಲಹೆ ಸಿಕ್ಕಿತು. ಆ ಸಲಹೆ ಕೊಟ್ಟವರಲ್ಲಿ ನಾನೂ ಒಬ್ಬ. ಕೊನೆಗೊಂದು ದಿನ ಅವರ ಪಕ್ಕದಲ್ಲೇ ಕುಳಿತು, ಬೆರಳು ಮತ್ತು ಪರದೆ ಎರಡೂ ಕಾಣುವಂತೆ ಮೊಬೈಲಿನಲ್ಲಿ ಸೆಕೆಂಡಿಗೆ 60 ಫ್ರೇಮ್‌ಗಳ ವಿಡಿಯೊ ತೆಗೆದು, ಕೀಲಿ ಒತ್ತಿದ ಫ್ರೇಮಿನಿಂದ ಅಕ್ಷರ ಕಂಡ ಫ್ರೇಮಿನವರೆಗೆ ಎಣಿಸಿದೆವು. 40ಕ್ಕೂ ಹೆಚ್ಚು ಬಂದವು. ಒಂದು ಅಕ್ಷರಕ್ಕೆ ಸೆಕೆಂಡಿನ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಹೊತ್ತು!

ಕಾರಣ ಹುಡುಕುತ್ತಾ ಹೋದಾಗ ಸಿಕ್ಕಿದ್ದು, ಪುಟದ ತಲೆಯ ಮೇಲೆ ಸದಾ ಹರಿಯುತ್ತಿದ್ದ ಒಂದು ಪ್ರಕಟಣೆಯ ಪಟ್ಟಿ. ಅದನ್ನು ರೂಪಿಸಿದವರ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇದ್ದುದರಿಂದ ಅವರಿಗೆ ಅದರ ಭಾರ ತಿಳಿಯಲಿಲ್ಲ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಸರ್ವರ್‌ನಲ್ಲಿ ಚಿತ್ರ ಬಿಡಿಸುವ ಕೆಲಸವೂ, ಪಟ್ಟಿ ಸರಿದಂತೆಲ್ಲ ಬದಲಾದ ಭಾಗವನ್ನು ಕುಗ್ಗಿಸಿ ಕಳುಹಿಸುವ ಕೆಲಸವೂ ಪ್ರೊಸೆಸರಿನ ಮೇಲೆಯೇ ಬೀಳುತ್ತದೆ. ಅದೇ ಸರ್ವರನ್ನು ಹಂಚಿಕೊಂಡಿದ್ದ ಹತ್ತಾರು ಮಂದಿಯ ಸೆಷನ್‌ಗಳಲ್ಲಿ ಯಾರೂ ಓದದ ಆ ಪಟ್ಟಿ ದಿನವಿಡೀ ಹರಿಯುತ್ತಿತ್ತು. ಅದನ್ನು ನಿಲ್ಲಿಸಿದ ದಿನವೇ ದೂರುಗಳು ಇಳಿದವು. ಪುಟದೊಳಗಿನ ಅಳತೆಗಳು ಮಾತ್ರ ಹಿಂದಿನ ದಿನ ಹೇಗಿದ್ದವೋ ಮರುದಿನವೂ ಹೆಚ್ಚುಕಡಿಮೆ ಹಾಗೆಯೇ ಇದ್ದವು.

ಉಪಕರಣಗಳಿಲ್ಲದೆ ಹೀಗಾಗುತ್ತಿದೆ ಎನ್ನುವಂತಿಲ್ಲ. ವಿಂಡೋಸ್ ಸರ್ವರ್ 2019ರಿಂದ 'ಯೂಸರ್ ಇನ್‌ಪುಟ್ ಡಿಲೇ' ಎಂಬ ಎಣಿಕೆ ಲಭ್ಯವಿದ್ದು, ಸರ್ವರ್ ತಲುಪಿದ ಕೀಲಿ ಅಥವಾ ಕ್ಲಿಕ್ ತನ್ನ ಸರದಿಗಾಗಿ ಎಷ್ಟು ಹೊತ್ತು ಕಾದಿತೆಂಬುದನ್ನು ಅದು ಪ್ರತಿ ಸೆಷನ್ನಿಗೂ ಪ್ರತ್ಯೇಕವಾಗಿ ಹೇಳುತ್ತದೆ. ರಿಮೋಟ್ ಡೆಸ್ಕ್‌ಟಾಪ್ ತಂತ್ರಾಂಶವಾದ ಸಿಟ್ರಿಕ್ಸ್‌ನಲ್ಲಿರುವ ಐಸಿಎ ಆರ್‌ಟಿಟಿ ಎಂಬ ಅಳತೆ, ಕೀಲಿ ಒತ್ತಿದಲ್ಲಿಂದ ಅದರ ಫಲ ಪರದೆಗೆ ಮರಳುವವರೆಗಿನ ಸಮಯವನ್ನು ಅಳೆಯುತ್ತದೆ. ಆದರೆ ಇವುಗಳಿಗೆ ಆಗ ಯಾವ ಪುಟ ತೆರೆದಿತ್ತೆಂಬುದು ತಿಳಿಯದು; ಪುಟದ ಅಳತೆಗೆ ಯಾವ ಸೆಷನ್ ಎಂಬುದು ತಿಳಿಯದು. ಒಂದೇ ಸರ್ವರ್‌ನಲ್ಲಿರುವವರೆಲ್ಲ ಸಾಮಾನ್ಯವಾಗಿ ಒಂದೇ ಐಪಿ ವಿಳಾಸದಿಂದ ಬರುವುದರಿಂದ, ವೆಬ್ ಸರ್ವರ್‌ನ ದಾಖಲೆ ನೋಡಿಯೂ ಅವರನ್ನು ಬೇರ್ಪಡಿಸಲಾಗದು. ಎರಡೂ ದಾಖಲೆಗಳಲ್ಲಿ ಸೆಷನ್ನಿನ ಗುರುತು ಮತ್ತು ಹೊಂದಿಸಿದ ಗಡಿಯಾರದ ಸಮಯ ಇದ್ದರಷ್ಟೇ ಅವು ಒಂದಕ್ಕೊಂದು ಕೂಡುತ್ತವೆ. ಕೂಡಿಸಿದ ಮೇಲೂ ಸರಾಸರಿಯನ್ನು ನಂಬಬಾರದು: ಬೆಳಗ್ಗೆ ಎಲ್ಲರೂ ಒಮ್ಮೆಲೇ ಲಾಗಿನ್ ಆಗುವ ಅರ್ಧ ಗಂಟೆಯ ಸಂಕಟ, ದಿನದ ಸರಾಸರಿಯಲ್ಲಿ ಕರಗಿ ಕಾಣದಂತಾಗುತ್ತದೆ.

ಸ್ವಯಂಚಾಲಿತ ಪರೀಕ್ಷೆಗಳನ್ನೇ ನೆಚ್ಚಿಕೊಂಡವರಿಗೆ ಒಂದು ಮಾತು. ಸಂಪರ್ಕ ಕಡಿದ, ಅಂದರೆ ಸರ್ವರ್‌ನಲ್ಲಿ ಚಾಲೂ ಇದ್ದರೂ ಯಾರ ಪರದೆಗೂ ಜೋಡಿಸಿರದ ಸೆಷನ್ನಿನಲ್ಲಿ ನಡೆಯುವ ಪರೀಕ್ಷೆ ತೋರುವ ವೇಗ ಯಾರ ಅನುಭವವೂ ಅಲ್ಲ, ಏಕೆಂದರೆ ಅಲ್ಲಿ ಯಾರಿಗೂ ಚಿತ್ರ ಕಳುಹಿಸುವ ಕೆಲಸವೇ ಇರುವುದಿಲ್ಲ.

ಆದ್ದರಿಂದ ಇಂಥ ಸೇವೆಗಳನ್ನು ಕೊಳ್ಳುವ ಸಂಸ್ಥೆಗಳು, ಸರ್ವರ್ ಎಷ್ಟು ಹೊತ್ತು ಚಾಲೂ ಇತ್ತು ಎಂಬುದರ ಜೊತೆಗೆ, ಕೀಲಿಯಿಂದ ಪರದೆಯವರೆಗಿನ ವಿಳಂಬ ಎಷ್ಟಿರಬೇಕು ಎಂಬುದನ್ನೂ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕೆಂದು ಕೋರುತ್ತೇನೆ. ಆ ವಿಳಂಬದಲ್ಲಿ ಅಪ್ಲಿಕೇಶನ್‌ನ ಪಾಲೆಷ್ಟು, ಸೆಷನ್ನಿನ ಪಾಲೆಷ್ಟು, ಜಾಲದ ಪಾಲೆಷ್ಟು ಎಂದು ಬಿಡಿಸಿ ತೋರಿಸುವ ಹೊಣೆಯೂ ಸೇವೆ ಕೊಡುವವರದ್ದೇ ಆಗಿರಲಿ. ಇದೇ ನೆಪದಲ್ಲಿ ನೌಕರರ ಪರದೆಯನ್ನು ಚಿತ್ರೀಕರಿಸುವ, ಒತ್ತಿದ ಕೀಲಿಗಳನ್ನು ದಾಖಲಿಸುವ ತಂತ್ರಾಂಶಗಳು ಒಳಗೆ ಬರದಂತೆಯೂ ನೋಡಿಕೊಳ್ಳಬೇಕು. ಅಕ್ಷರ ಮೂಡಲು ಎಷ್ಟು ಹೊತ್ತು ಹಿಡಿಯಿತೆಂದು ತಿಳಿಯಲು, ಅದು ಯಾವ ಅಕ್ಷರ ಎಂಬುದು ಯಾರಿಗೂ ಬೇಕಿಲ್ಲ.

ಇಂತಿ,
ವೆಬ್ ತಂತ್ರಾಂಶ ನಿರ್ವಹಣೆಯಲ್ಲಿರುವ ಒಬ್ಬ ಓದುಗ